ಗಾಡಿ ಎಳೆಯದಿದ್ದಾಗ: ಬಿಚ್ಚುವ ಮುನ್ನ ನೋಡುವ ಕ್ರಮ



“ಗಾಡಿ ಎಳೀತಿಲ್ಲ ಕಣಣ್ಣ.” ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಟ್ರ್ಯಾಕ್ಟರ್ ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತದೆ, ನೇಗಿಲು ನೆಲ ಕಚ್ಚಿದೊಡನೆ ಮುಗ್ಗರಿಸುತ್ತದೆ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ದಿಬ್ಬಕ್ಕೆ ಲಾರಿ ಎರಡನೇ ಗೇರು ಕೇಳುತ್ತದೆ. ಪಿಕಪ್ ವ್ಯಾನಿನ ಪೆಡಲನ್ನು ಪೂರ್ತಿ ಒತ್ತಿದರೂ ವೇಗ ಏರುವುದಿಲ್ಲ. ಇದಕ್ಕೆಲ್ಲ ನಮ್ಮ ಚಾಲಕರು ಇಟ್ಟಿರುವ ಹೆಸರು ಒಂದೇ: ಪುಲ್ಲಿಂಗ್ ಇಲ್ಲ.

ನಮ್ಮದು ಮಳೆ ಕಡಿಮೆಯ ಸೀಮೆ. ಹದ ಬಂದಾಗ ಉಳಬೇಕು, ಹದ ತಪ್ಪಿದರೆ ಕಡಲೆಕಾಯಿ ಬಿತ್ತನೆಯೇ ತಪ್ಪುತ್ತದೆ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2 ಸಾವಿರ ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿದೆ, ನಿಜ. ಆದರೂ ಹೊಲ ಉಳುವುದು, ಹುಣಸೆಹಣ್ಣು ಮಾರುಕಟ್ಟೆಗೆ ಸಾಗಿಸುವುದು, ಬೇಸಿಗೆಯಲ್ಲಿ ಊರಿಗೆ ನೀರಿನ ಟ್ಯಾಂಕರ್ ತರುವುದು ಇವತ್ತಿಗೂ ಡೀಸೆಲ್ ಎಂಜಿನ್ನೇ. ಅದು ಸೋತರೆ ಮನೆಯ ದುಡಿಮೆಯೇ ಸೋತಂತೆ.

ಈ ಹೊತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಎಂಜಿನ್ ಎಳೆಯದಿದ್ದರೆ ಮೊದಲು ಬಿಚ್ಚಬೇಡಿ, ಮೊದಲು ನೋಡಿ. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ, ಖರ್ಚಿನ ಕೆಲಸಕ್ಕೆ ಕೊನೆಗೆ ಹೋಗಿ. ನಮ್ಮ ಸೀಮೆಯಲ್ಲಿ ಎಂಜಿನ್ನಿಗೆ ಕೈ ಹಚ್ಚಿದಾಗ ಮೊದಲ ಪರೀಕ್ಷೆ ಯಾವಾಗಲೂ ಗಾಳಿಯದ್ದೇ ಆಗಿರಲಿ.

ಎಲ್ಲಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ದೋಷ ನಿಜಕ್ಕೂ ಎಂಜಿನ್ನಿನದೇ? ಎಂಜಿನ್ ಪೂರ್ತಿ ಶಕ್ತಿ ಕೊಡುತ್ತಿದ್ದರೂ ಅದು ಚಕ್ರಕ್ಕೆ ತಲುಪದೇ ಇರಬಹುದು. ಸಮತಟ್ಟಾದ ರಸ್ತೆಯಲ್ಲಿ, ಹಿಂದೆ ಮುಂದೆ ವಾಹನ ಇಲ್ಲದಾಗ, ನಿಧಾನ ವೇಗದಲ್ಲಿ ಗೇರು ನ್ಯೂಟ್ರಲ್ಲಿಗೆ ತನ್ನಿ. ಗಾಡಿ ಹಗುರವಾಗಿ ಉರುಳುತ್ತಾ ಹೋಗಬೇಕು. ಯಾರೋ ಹಿಂದಿನಿಂದ ಹಿಡಿದಂತೆ ಬೇಗನೆ ನಿಂತರೆ ಬ್ರೇಕ್ ಹಿಡಿದುಕೊಂಡಿದೆ ಎಂದು ತಿಳಿಯಿರಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರದ ಡ್ರಮ್ಮಿನ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಹಳ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ.

ಇನ್ನು ಕ್ಲಚ್. ದಿಬ್ಬ ಹತ್ತುವಾಗ ಎಂಜಿನ್ನಿನ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಹಾಗಿದ್ದರೆ ಕ್ಲಚ್ ಜಾರುತ್ತಿದೆ. ಟೈರಿನ ಗಾಳಿ ನೋಡಿ. ಹೇರಿದ ಭಾರವನ್ನೂ ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಮಿತಿ ಮೀರಿ ಹೇರಿ ಎಂಜಿನ್ನನ್ನು ದೂರುವುದು ಸರಿಯಲ್ಲ.

ಒಂದು ಎಚ್ಚರಿಕೆಯ ಮಾತು. ನಮ್ಮ ಊರುಗಳು ಸಮುದ್ರ ಮಟ್ಟದಿಂದ ಸರಿಸುಮಾರು 650ರಿಂದ 800 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿ ಸ್ವಲ್ಪ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ನೂರರಲ್ಲಿ ಸುಮಾರು 1 ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಕಡಲತೀರದಲ್ಲಿ 100 ಪಾಲು ಎಳೆಯುವುದು ಇಲ್ಲಿ 92, 93 ಪಾಲು ಎಳೆದರೆ ಅದು ದೋಷವಲ್ಲ. ಮೊನ್ನೆಯವರೆಗೆ ಎಳೆಯುತ್ತಿದ್ದದ್ದು ಇವತ್ತು ಎಳೆಯುತ್ತಿಲ್ಲ ಎಂದರೆ ಮಾತ್ರ ದೋಷ.

ಬ್ರೇಕ್, ಕ್ಲಚ್, ಟೈರ್, ಭಾರ ಎಲ್ಲ ನೋಡಿದೆವು. ಅಲ್ಲಿ ತೊಂದರೆ ಇಲ್ಲ ಎಂದಾದರೆ ಎಂಜಿನ್ನಿನ ಕಡೆ ತಿರುಗೋಣ.

ಡೀಸೆಲ್ ಎಂಜಿನ್ನಿಗೆ ಏನು ಬೇಕು? ಮೂರು ಬೇಕು. ಸಾಕಷ್ಟು ಗಾಳಿ, ಸರಿಯಾದ ಹೊತ್ತಿಗೆ ಸರಿಯಾದ ಅಳತೆಯ ಎಣ್ಣೆ, ಬಿಗಿಯಾದ ಒತ್ತಡ. ಇದರಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ಮೂಲ ಗಾತ್ರದ ಸುಮಾರು 17ರಲ್ಲಿ 1 ಪಾಲಿಗೆ ಒತ್ತುತ್ತದೆ. ಆಗ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಕಾದ ಗಾಳಿಗೆ ನಾಝಲ್ ಎಣ್ಣೆಯನ್ನು ಮಂಜಿನಷ್ಟು ನವಿರಾಗಿ ಚಿಮ್ಮಿಸುತ್ತದೆ. ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ನಡೆಸಿ ತೋರಿಸಿದ್ದು ಈ ತತ್ವವನ್ನೇ. ಅವರ ಹೆಸರೇ ಎಂಜಿನ್ನಿಗೂ ಎಣ್ಣೆಗೂ ನಿಂತಿತು.

ಎಣ್ಣೆಯನ್ನು ಅಳೆದು ಒತ್ತಡದಿಂದ ಕಳಿಸುವ ಪಂಪಿಗೆ ನಮ್ಮ ಕಡೆ ‘ಮೈಕೋ ಪಂಪು’ ಎಂದೇ ಹೆಸರು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಈ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ನಮ್ಮ ಗ್ಯಾರೇಜುಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಬಹಳ ನಯವಾದ, ಬಹಳ ದುಬಾರಿಯಾದ ಭಾಗ ಅದು. ಒಳಗಿನ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಪುಲ್ಲಿಂಗ್ ಇಲ್ಲ ಎಂದೊಡನೆ ಅನೇಕರು ಮೊದಲು ಬಿಚ್ಚಿಸುವುದು ಇದನ್ನೇ. ಇದು ನನಗೆ ಬಹಳ ನೋವಿನ ವಿಷಯ. ಸರಿಯಾಗಿದ್ದ ಪಂಪು ಬಿಚ್ಚಿಸಿಕೊಳ್ಳುತ್ತದೆ, ಸಾವಿರಗಟ್ಟಲೆ ಹಣ ಹೋಗುತ್ತದೆ, ಗಾಡಿ ಮೊದಲಿನಂತೆಯೇ ಮುಗ್ಗರಿಸುತ್ತದೆ.

ಗಾಳಿ, ಎಣ್ಣೆ, ಒತ್ತಡ. ಈ ಮೂರನ್ನು ನೆನಪಿನಲ್ಲಿಡಿ. ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ಹೇಗೆ ತಿಳಿಯುವುದು? ಬಹುಪಾಲು ಹಳೆಯ ಗಾಡಿಗಳಲ್ಲಿ ಹೊಗೆಯೇ ಹೇಳುತ್ತದೆ. ಎಂಜಿನ್ ಚೆನ್ನಾಗಿ ಕಾಯಲಿ. ಭಾರ ಹಾಕಿ ದಿಬ್ಬ ಹತ್ತಿಸಿ. ಜೊತೆಗೆ ಇನ್ನೊಬ್ಬರು ಸೈಲೆನ್ಸರಿನ ಹೊಗೆಯನ್ನು ಗಮನಿಸಲಿ.

ಮೊದಲನೆಯದು ಕಪ್ಪು ಹೊಗೆ. ಒಲೆಗೆ ಸೌದೆ ತುರುಕಿ ಗಾಳಿಯ ದಾರಿ ಮುಚ್ಚಿದರೆ ಹೊಗೆ ಕಪ್ಪಾಗುತ್ತದಲ್ಲ, ಇದೂ ಅದೇ. ಎಣ್ಣೆ ಬಂದಿದೆ, ಪೂರ್ತಿ ಉರಿದಿಲ್ಲ. ಗಾಳಿ ಸಾಲದೆ ಇರಬಹುದು, ಎಣ್ಣೆ ಹೆಚ್ಚಾಗಿರಬಹುದು, ನಾಝಲ್ ಚಿಮ್ಮುವ ಬದಲು ತೊಟ್ಟಿಕ್ಕುತ್ತಿರಬಹುದು. ಹಳೆಯ ಎಂಜಿನ್ನಿನಲ್ಲಿ ಪೆಡಲ್ ಒತ್ತಿದಾಗ ಕ್ಷಣಮಾತ್ರ ಬರುವ ಕಪ್ಪು ಹೊಗೆಗೆ ಹೆದರಬೇಕಿಲ್ಲ. ಎಳೆಯುವಷ್ಟು ಹೊತ್ತೂ ಬಂದರೆ ದೋಷ.

ಎರಡನೆಯದು ಬಿಳಿ ಹೊಗೆ. ಕಣ್ಣು ಉರಿಸುವ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಎಣ್ಣೆ ಹೊತ್ತಿಕೊಳ್ಳದೆಯೇ ಹೊರಬರುತ್ತಿದೆ. ಒತ್ತಡ ಕಡಿಮೆ, ಇಲ್ಲವೇ ಪಂಪಿನ ಟೈಮಿಂಗ್ ತಡ. ವಾಸನೆಯಿಲ್ಲದ ಹಬೆ ಎಡೆಬಿಡದೆ ಬರುತ್ತಿದ್ದು ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು. ಚಳಿಗಾಲದ ಮುಂಜಾನೆ ಕೆಲವು ನಿಮಿಷ ಬಂದು ಹೋಗುವ ಬಿಳಿ ಹೊಗೆ ಸಹಜ.

ಮೂರನೆಯದು ನೀಲಿ ಹೊಗೆ. ಅದು ಎಂಜಿನ್ ಆಯಿಲ್ ಉರಿಯುವ ಗುರುತು. ರಿಂಗ್, ಬೋರ್, ವಾಲ್ವ್ ಸೀಲ್, ಟರ್ಬೊ ಇವುಗಳಲ್ಲಿ ಒಂದು ಸವೆದಿದೆ.

ನಾಲ್ಕನೆಯದನ್ನು ಅನೇಕರು ಗಮನಿಸುವುದೇ ಇಲ್ಲ. ಹೊಗೆಯೂ ಇಲ್ಲ, ಎಳೆತವೂ ಇಲ್ಲ. ಹಾಗಿದ್ದರೆ ಉರಿಯಲು ಎಣ್ಣೆಯೇ ಬರುತ್ತಿಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನು ಹುಡುಕಿ.

ಕಪ್ಪಾದರೆ ಗಾಳಿ. ಬಿಳಿಯಾದರೆ ಒತ್ತಡ ಅಥವಾ ಟೈಮಿಂಗ್. ನೀಲಿಯಾದರೆ ಸವೆತ. ಹೊಗೆಯೇ ಇಲ್ಲದಿದ್ದರೆ ಎಣ್ಣೆಯ ದಾರಿ. ಇದು ಹೊಗೆಯ ಪಾಠ. ಈಗ ಒಂದೊಂದಾಗಿ ಕೈ ಹಚ್ಚೋಣ. ಮೊದಲು ಗಾಳಿ.

ಒಂದು ಲೀಟರ್ ಡೀಸೆಲ್ ಚೆನ್ನಾಗಿ ಉರಿಯಲು ಎಷ್ಟು ಗಾಳಿ ಬೇಕು ಗೊತ್ತೇ? 10 ಸಾವಿರ ಲೀಟರಿಗೂ ಹೆಚ್ಚು. ಟ್ರ್ಯಾಕ್ಟರ್ ಗಂಟೆಗೆ 4 ಲೀಟರ್ ಕುಡಿದರೆ 40 ಸಾವಿರ ಲೀಟರಿಗೂ ಮೀರಿದ ಗಾಳಿ ಆ ಒಂದು ಗಂಟೆಯಲ್ಲಿ ಫಿಲ್ಟರಿನ ಮೂಲಕ ಹೋಗಬೇಕು. ನಮ್ಮ ಹೊಲದ ಗಾಳಿಯಲ್ಲಿ ಏನಿದೆ? ಧೂಳು. ಅದು ಬರೀ ಮಣ್ಣಲ್ಲ. ರಾಮನಗರದಿಂದ ಮಧುಗಿರಿ, ಪಾವಗಡದ ಮೂಲಕ ಉತ್ತರಕ್ಕೆ ಹಾದುಹೋಗುವ ಗ್ರಾನೈಟ್ ಪಟ್ಟಿಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟವೂ ಈ ಪಟ್ಟಿಯದೇ. ಇಂಥ ಕಲ್ಲು ಶಿಥಿಲವಾಗಿ ಮಣ್ಣಾಗುವಾಗ ಅದರೊಳಗಿನ ಬೆಣಚುಕಲ್ಲು ಕರಗುವುದಿಲ್ಲ, ಸಣ್ಣ ಕಣವಾಗಿ ಉಳಿಯುತ್ತದೆ. ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಅದು ಗಟ್ಟಿ. ಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿನ ಕಣ ಒಳಹೊಕ್ಕರೂ ರಿಂಗ್ ಮತ್ತು ಬೋರನ್ನು ಉಜ್ಜಿ ಸವೆಸುತ್ತದೆ.

ಆದ್ದರಿಂದ ನಮ್ಮ ಸೀಮೆಯಲ್ಲಿ ಏರ್ ಫಿಲ್ಟರಿನ ತೊಂದರೆ ಎರಡು ಬಗೆ. ಕಟ್ಟಿಕೊಂಡರೆ ಇವತ್ತಿನ ಎಳೆತ ಹೋಗುತ್ತದೆ. ಸೋರಿದರೆ ನಾಳೆಯ ಎಂಜಿನ್ನೇ ಹೋಗುತ್ತದೆ.

ಹಳೆಯ ಟ್ರ್ಯಾಕ್ಟರುಗಳಲ್ಲಿ ಆಯಿಲ್ ಬಾತ್ ಬಗೆಯ ಏರ್ ಕ್ಲೀನರ್ ಇರುತ್ತದೆ. ತಳದಲ್ಲಿ ಬಟ್ಟಲು, ಬಟ್ಟಲಿನಲ್ಲಿ ಆಯಿಲ್. ಗಾಳಿ ಆಯಿಲಿಗೆ ಬಡಿದು ಧೂಳು ಬಿಟ್ಟು ಮುಂದೆ ಹೋಗುತ್ತದೆ. ಉಳುಮೆ, ಕಡಲೆಕಾಯಿ ಬಿಡಿಸುವುದು, ರಾಗಿ ಒಕ್ಕಣೆ ಇರುವ ದಿನಗಳಲ್ಲಿ ಆ ಬಟ್ಟಲನ್ನು ದಿನಾ ಇಳಿಸಿ ನೋಡಿ. ತಳದಲ್ಲಿ ಕೆಸರು ಕಟ್ಟಿದ್ದರೆ ಚೆಲ್ಲಿ, ತೊಳೆದು, ಗುರುತಿನವರೆಗೆ ಹೊಸ ಆಯಿಲ್ ಹಾಕಿ. ಗುರುತು ಮೀರಿ ಹಾಕಬೇಡಿ. ಹೆಚ್ಚಾದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಳ್ಳುತ್ತದೆ.

ಕಾಗದದ ಫಿಲ್ಟರ್ ಇದ್ದರೆ ಅದನ್ನು ನೆಲಕ್ಕೆ ಬಡಿಯಬೇಡಿ. ಪಂಚರ್ ಅಂಗಡಿಯ ಕಂಪ್ರೆಸರಿನ ಪೂರ್ತಿ ಒತ್ತಡದಿಂದ ಊದಬೇಡಿ. ಕಾಗದ ಸಣ್ಣಗೆ ಹರಿದರೂ ಕಣ್ಣಿಗೆ ಕಾಣುವುದಿಲ್ಲ. ಊದುವುದೇ ಆದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಊದಿ. ಅನುಮಾನವಿದ್ದರೆ ಹೊಸದು ಹಾಕಿ ನೋಡಿ. ಫಿಲ್ಟರ್ ತೆಗೆದಿಟ್ಟು ಓಡಿಸುವುದು ಮಾತ್ರ ಬೇಡವೇ ಬೇಡ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಹತ್ತಾರು ಸಾವಿರದ ಬೋರ್ ಕೆಲಸಕ್ಕೆ ದಾರಿ ಮಾಡಿಕೊಡಬೇಡಿ.

ಫಿಲ್ಟರ್ ಆದ ಮೇಲೆ ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ನೋಡಿ. ಕ್ಲಿಪ್ ಸಡಿಲವಿದ್ದರೆ ಧೂಳು ನೇರವಾಗಿ ಒಳಗೆ ಹೋಗುತ್ತದೆ. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸ್ ಸೀಳಿದ್ದರೆ ಭಾರ ಬಿದ್ದಾಗ ಸುಂಯ್ ಎಂಬ ಸದ್ದು ಕೇಳುತ್ತದೆ. ಕಪ್ಪು ಹೊಗೆ ಬರುತ್ತದೆ, ಎಳೆತ ಬಿದ್ದುಹೋಗುತ್ತದೆ. ಅಂಥ ಕಡೆ ಹಾಳಾದದ್ದು ಟರ್ಬೊ ಅಲ್ಲ, ಒಂದು ಹೋಸ್.

ಒಳಗೆ ಹೋದ ಗಾಳಿ ಹೊರಗೂ ಹೋಗಬೇಕು. ಸೈಲೆನ್ಸರ್ ಮಸಿ ಕಟ್ಟಿದ್ದರೂ ನೆಗ್ಗಿದ್ದರೂ ಎಳೆತ ಇಲ್ಲ. ಬಹಳ ದಿನ ನಿಂತ ಟ್ರ್ಯಾಕ್ಟರಾದರೆ ಸೈಲೆನ್ಸರ್ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ನೋಡಿ. ಒಕ್ಕಣೆಯ ದಿನಗಳಲ್ಲಿ ರೇಡಿಯೇಟರಿಗೆ ಹೊಟ್ಟು ಮೆತ್ತಿಕೊಂಡು ಎಂಜಿನ್ ಕಾದರೂ ಶಕ್ತಿ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ ಆ ಹೊಟ್ಟನ್ನು ತೆಗೆಯಿರಿ.

ಗಾಳಿಯ ದಾರಿ ಮುಗಿಯಿತು. ಫಿಲ್ಟರ್, ಹೋಸ್, ಟರ್ಬೊ ಪೈಪು, ಸೈಲೆನ್ಸರ್ ನೋಡಿದೆವು. ಎಲ್ಲ ಸರಿ ಇದೆ, ಎಳೆತ ಬರಲಿಲ್ಲ. ಈಗ ಎಣ್ಣೆಯ ದಾರಿ.

ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ. ಎಣ್ಣೆ ಇಳಿದಂತೆ ಗಾಳಿ ಟ್ಯಾಂಕಿನೊಳಗೆ ಬರಲು ಸಣ್ಣ ತೂತು ಇರುತ್ತದೆ. ಧೂಳು ಅದನ್ನು ಮುಚ್ಚಿದರೆ ಗಾಡಿ ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಸೋಲುತ್ತದೆ. ಮುಚ್ಚಳ ಸಡಿಲಿಸಿದಾಗ ಉಸ್ ಎಂದು ಗಾಳಿ ಎಳೆದುಕೊಂಡು ಗಾಡಿ ಮತ್ತೆ ಎಳೆಯತೊಡಗಿದರೆ ದೋಷ ಸಿಕ್ಕಿತು. ಒಂದು ಪೈಸೆ ಖರ್ಚಿಲ್ಲ.

ಮುಂದೆ ಡೀಸೆಲ್ ಫಿಲ್ಟರ್. ಕ್ಯಾನಿನಲ್ಲಿ ಎಣ್ಣೆ ತಂದು ಹೊಲದಲ್ಲೇ ಸುರಿಯುವ ರೂಢಿ ನಮ್ಮಲ್ಲಿದೆ. ಕ್ಯಾನಿನ ತಳದ ಕಸ, ನೀರು ಟ್ಯಾಂಕಿಗೆ ಇಳಿಯುತ್ತವೆ. ಟ್ಯಾಂಕನ್ನು ಅರ್ಧ ಖಾಲಿ ಬಿಟ್ಟು ಚಳಿಗಾಲದ ರಾತ್ರಿ ನಿಲ್ಲಿಸಿದರೆ ಒಳಗಿನ ತೇವವೂ ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಬಿಡಿ. ಕೆಳಗೊಂದು ಪದರ, ಮೇಲೊಂದು ಪದರವಾಗಿ ನಿಂತರೆ ನೀರಿದೆ. ಬರೀ ಎಣ್ಣೆ ಬರುವವರೆಗೆ ಬಿಡಿ. ಫಿಲ್ಟರಿನ ಅವಧಿ ಮೀರಿದ್ದರೆ ಬದಲಿಸಿ.

ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದರೂ ಇದೇ ತೊಂದರೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಣ್ಣೆ ಹೀರಿಕೊಂಡು ಬರುತ್ತದೆ. ಅಲ್ಲಿ ವಾಷರ್ ಸಡಿಲವಿದ್ದರೆ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಆದ್ದರಿಂದ ಹೊರಗೆ ಒದ್ದೆ ಇಲ್ಲ ಎಂದು ನಂಬಬೇಡಿ. ಕೈಪಂಪು ಒತ್ತುತ್ತಾ ಏರ್ ಸ್ಕ್ರೂ ಬಿಚ್ಚಿದಾಗ ಗುಳ್ಳೆ ನಿಲ್ಲಬೇಕು. ಮತ್ತೆ ಮತ್ತೆ ಗುಳ್ಳೆ ಬಂದರೆ ಎಲ್ಲೋ ಗಾಳಿ ಸೇರುತ್ತಿದೆ.

ಇನ್ನೊಂದು ಸುಲಭ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಒಬ್ಬರು ಪೆಡಲನ್ನು ಪೂರ್ತಿ ಒತ್ತಲಿ. ಇನ್ನೊಬ್ಬರು ಪಂಪಿನ ಲಿವರ್ ಕೊನೆಯ ಸ್ಟಾಪ್ ಸ್ಕ್ರೂಗೆ ತಾಗುತ್ತದೆಯೇ ನೋಡಲಿ. ತಾಗದಿದ್ದರೆ ಪೆಡಲಿನ ಕೇಬಲ್ ಸಡಿಲವಾಗಿದೆ. ಆದರೆ ಆ ಸ್ಟಾಪ್ ಸ್ಕ್ರೂವಿನ ಸೀಲ್ ಒಡೆದು ‘ಎಣ್ಣೆ ಏರಿಸಿಕೊಡು’ ಎಂದು ಯಾರನ್ನೂ ಕೇಳಬೇಡಿ. ಗಾಳಿ ಅಷ್ಟೇ ಇದ್ದು ಎಣ್ಣೆ ಮಾತ್ರ ಹೆಚ್ಚಿದರೆ ಕಪ್ಪು ಹೊಗೆ ಬರುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ, ಕೊನೆಗೆ ಪಿಸ್ಟನ್ ಕರಗುವ ಮಟ್ಟಕ್ಕೂ ಹೋಗಬಹುದು.

ಗಾಳಿಯ ದಾರಿ ನೋಡಿದೆವು. ಪಂಪಿನವರೆಗಿನ ಎಣ್ಣೆಯ ದಾರಿ ನೋಡಿದೆವು. ಇಲ್ಲಿಯವರೆಗಿನ ಕೆಲಸ ನಿಮ್ಮ ಕೈಯಲ್ಲಿದೆ. ಇಲ್ಲಿಂದ ಮುಂದೆ ಮೆಕ್ಯಾನಿಕ್ ಬೇಕು.

ಹಳೆಯ ಬಗೆಯ ಪಂಪು ಇರುವ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಅನುಭವಿ ಮೆಕ್ಯಾನಿಕ್ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ತುಸು ಸಡಿಲಿಸಿ ಸದ್ದು ಕೇಳುತ್ತಾರೆ. ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ದೋಷ ಆ ಸಿಲಿಂಡರಿನಲ್ಲೇ. ಕೇಳುಗರೇ, ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಕಾಮನ್ ರೈಲ್ ಇರುವ ಹೊಸ ಗಾಡಿಗಳಲ್ಲಿ ಈ ಪರೀಕ್ಷೆ ಎಂದೂ ಮಾಡಬಾರದು. ಅಲ್ಲಿ ಎಣ್ಣೆಯ ಒತ್ತಡ ಸಾವಿರ ಬಾರ್ ದಾಟಿ ಹೋಗುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2 ಬಾರ್. ಚಿಮ್ಮಿದ ಎಣ್ಣೆ ಚರ್ಮವನ್ನು ತೂರಿ ದೇಹದೊಳಗೆ ಹೋಗುತ್ತದೆ. ಹಾಗಾದರೆ ಗಾಯ ಚಿಕ್ಕದೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಾಝಲ್ ಮೇಲೆ ಅನುಮಾನ ಬಂದರೆ ಟೆಸ್ಟಿಂಗ್ ಯಂತ್ರವಿರುವ ಅಂಗಡಿಯಲ್ಲಿ ಒತ್ತಡವನ್ನೂ ಚಿಮ್ಮುವ ರೀತಿಯನ್ನೂ ಪರೀಕ್ಷೆ ಮಾಡಿಸಿ. ನಾಝಲ್ ಸರಿ ಇದ್ದು ಟೈಮಿಂಗೂ ಸರಿ ಇದ್ದರೆ ಆಗ ಮಾತ್ರ ಪಂಪಿನ ಸರದಿ.

ಮೂರನೆಯದು ಒತ್ತಡ. ಟ್ಯಾಪೆಟ್ ಸಂದು ತಪ್ಪಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಹೊಂದಿಸುವುದು ಸಣ್ಣ ಖರ್ಚು, ಮೊದಲು ಅದನ್ನೇ ಮಾಡಿಸಿ. ರಿಂಗ್ ಸವೆದಿದೆಯೇ ಎಂದು ತಿಳಿಯಲು ಎಂಜಿನ್ ನಿಧಾನವಾಗಿ ಓಡುವಾಗ ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರಿಕೆಯಿಂದ ತೆಗೆದು ನೋಡಿ. ಅಲ್ಲಿಂದ ಹೊಗೆ ರಭಸವಾಗಿ ಬುಸುಗುಟ್ಟಿದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರುತ್ತಿದೆ. ಆದರೂ ಎಂಜಿನ್ ಇಳಿಸುವ ಮುನ್ನ ಕಂಪ್ರೆಷನ್ ಗೇಜ್ ಹಾಕಿಸಿ ಪ್ರತಿ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ಅಂಕಿ ನೋಡದೆ ಬೋರ್ ಕೆಲಸಕ್ಕೆ ಒಪ್ಪಬೇಡಿ.

ಗಾಳಿ, ಎಣ್ಣೆ, ಒತ್ತಡ ಮೂರೂ ಆದವು. ಹೊಸ ಗಾಡಿಗಳ ಬಗ್ಗೆ ಎರಡು ಮಾತು ಉಳಿದಿದೆ.

2020ರ ಏಪ್ರಿಲ್ 1ರಿಂದ ರಸ್ತೆಗೆ ಬರುವ ಹೊಸ ವಾಹನಗಳಿಗೆ ಬಿಎಸ್ 6 ನಿಯಮ ಬಂದಿದೆ. ಇವುಗಳಲ್ಲಿ ಕಂಪ್ಯೂಟರ್ ಇದೆ. ಯಾವುದಾದರೂ ಸೆನ್ಸರ್ ತಪ್ಪು ತೋರಿದರೆ ಎಂಜಿನ್ನಿಗೆ ಹಾನಿಯಾಗದಿರಲೆಂದು ಕಂಪ್ಯೂಟರೇ ಶಕ್ತಿ ತಗ್ಗಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ. ಬ್ಯಾಟರಿ ತಂತಿ ಕಿತ್ತು ದೀಪ ಆರಿಸಿದರೆ ದೋಷ ಹೋಗುವುದಿಲ್ಲ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಬರೀ ಊರೊಳಗಿನ ಸಣ್ಣ ಓಡಾಟದಲ್ಲಿ ಕಟ್ಟಿಕೊಳ್ಳುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿಸಿದರೆ ಆ ಮಸಿ ಸುಟ್ಟುಹೋಗುತ್ತದೆ. ಲಾರಿಗಳಲ್ಲಿ ಚಾಲಕರು ಯೂರಿಯಾ ಎನ್ನುವ ದ್ರವ ಮುಗಿದರೂ ಎಳೆತ ಕಡಿಮೆಯಾಗುತ್ತದೆ. ಅದಕ್ಕೆ ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರವನ್ನು ನೀರಲ್ಲಿ ಕಲಸಿ ಹಾಕಬೇಡಿ. ದುಬಾರಿ ಭಾಗಗಳೆಲ್ಲ ಕಟ್ಟಿಹೋಗುತ್ತವೆ.

ಇಷ್ಟೂ ಕ್ರಮವನ್ನು ಇನ್ನೊಮ್ಮೆ ಹೇಳುತ್ತೇನೆ. ಒಂದು, ಬ್ರೇಕ್, ಕ್ಲಚ್, ಟೈರ್, ಭಾರ. ಎರಡು, ಹೊಗೆಯ ಬಣ್ಣ. ಮೂರು, ಗಾಳಿಯ ದಾರಿ. ನಾಲ್ಕು, ಟ್ಯಾಂಕಿನಿಂದ ಪಂಪಿನವರೆಗೆ ಎಣ್ಣೆಯ ದಾರಿ. ಐದು, ಟ್ಯಾಪೆಟ್ ಮತ್ತು ನಾಝಲ್. ಆರು, ಪಂಪು ಮತ್ತು ಕಂಪ್ರೆಷನ್. ದೀಪ ಹೊತ್ತುವ ಹೊಸ ಗಾಡಿಯಾದರೆ ಎರಡರ ಜಾಗದಲ್ಲಿ ಸ್ಕ್ಯಾನರ್.

ಮೆಕ್ಯಾನಿಕ್ ಅಣ್ಣಂದಿರ ಮೇಲೆ ನನಗೆ ಅಪಾರ ಗೌರವವಿದೆ. ಅವರಿಗೆ ಸರಿಯಾದ ಮಾಹಿತಿ ಕೊಡುವುದು ನಮ್ಮ ಕೆಲಸ. “ಪುಲ್ಲಿಂಗ್ ಇಲ್ಲ, ನೋಡಣ್ಣ” ಎಂದು ಕೀಲಿಕೈ ಕೊಟ್ಟು ಬಂದರೆ ಅವರಾದರೂ ಏನು ಮಾಡಿಯಾರು? ಹೀಗೆ ಹೇಳಿ: “ಹದಿನೈದು ದಿನದಿಂದ ನಿಧಾನವಾಗಿ ಕಮ್ಮಿಯಾಗಿದೆ. ಭಾರ ಹಾಕಿದಾಗ ಮಾತ್ರ ಹಿಂಗೆ. ಕಪ್ಪು ಹೊಗೆ ಬರ್ತದೆ. ಏರ್ ಫಿಲ್ಟರ್ ಹೊಸದು ಹಾಕಿದೀನಿ, ಹೋಸ್ ನೋಡಿದೀನಿ, ಡೀಸೆಲಲ್ಲಿ ನೀರಿಲ್ಲ.” ಆಗ ಅವರ ಕೈ ನೇರವಾಗಿ ದೋಷದ ಕಡೆ ಹೋಗುತ್ತದೆ.

ಮನೆಯಲ್ಲೊಂದು ನೋಟ್ ಪುಸ್ತಕ ಇಡಿ. ಏರ್ ಫಿಲ್ಟರ್ ಯಾವಾಗ ತೊಳೆದಿರಿ, ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಿದಿರಿ, ಎಂಜಿನ್ ಆಯಿಲ್ ಯಾವಾಗ ಹಾಕಿಸಿದಿರಿ, ಎಷ್ಟು ಗಂಟೆ ಅಥವಾ ಎಷ್ಟು ಕಿಲೋಮೀಟರ್ ಆಗಿತ್ತು, ಬರೆದಿಡಿ. ಶಾಲೆಗೆ ಹೋಗುವ ಮಗಳೋ ಮಗನೋ ಇದ್ದರೆ ಅವರ ಕೈಯಲ್ಲೇ ಬರೆಸಿ. ಗಾಡಿಯ ಬಗ್ಗೆ ಮನೆಮಂದಿಗೆಲ್ಲ ತಿಳಿದಿರಲಿ. ಹುಲಿಕುಂಟೆ ಹೋಬಳಿಯ ಹೊಲವೇ ಇರಲಿ, ಮಿಡಿಗೇಶಿಯ ರಸ್ತೆಯೇ ಇರಲಿ, ಇನ್ನೊಮ್ಮೆ ಎಂಜಿನ್ ಸೋತ ದಿನ ಪಾನಾ ಹಿಡಿಯುವ ಮುನ್ನ ಏರ್ ಫಿಲ್ಟರ್ ತೆಗೆದು ನೋಡಿ. ಅದು ಸರಿ ಇದೆ ಎಂದು ಖಾತ್ರಿಯಾಗುವವರೆಗೆ ಪಂಪು ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ.